ತಗ್ಗಿನ ಊರು ಕೋರಮಂಗಲ

ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಶಾಂತಿನಗರದ ಸುತ್ತ ಜೋರು ಮಳೆ ಹೊಡೆದರೆ ಅದರ ಸುದ್ದಿ ಸ್ವಲ್ಪ ಹೊತ್ತಿನಲ್ಲೇ ಕೋರಮಂಗಲಕ್ಕೆ ಮುಟ್ಟುತ್ತದೆ. ಸುದ್ದಿ ಹೊತ್ತು ತರುವುದು ರಾಜಕಾಲುವೆ. ಬೆಂಗಳೂರಿನ ನಡುವಿನ ದಿಣ್ಣೆಯ ಮೇಲೆ ಬಿದ್ದ ನೀರು ಆಗ್ನೇಯಕ್ಕೆ ಇಳಿದು, ಕೋರಮಂಗಲವನ್ನು ಹಾದು, ಬೆಳ್ಳಂದೂರು ಕೆರೆ ತುಂಬಿ, ವರ್ತೂರು ದಾಟಿ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಬೆಂಗಳೂರಿನ ನೀರು ಹೊರಗೆ ಹರಿಯುವ ಮೂರು ಮುಖ್ಯ ಕಣಿವೆಗಳಲ್ಲಿ ಈ ದಾರಿಯೂ ಒಂದು. ವೃಷಭಾವತಿ, ಹೆಬ್ಬಾಳ ಕಣಿವೆಗಳು ಉಳಿದೆರಡು. ಸರ್ಕಾರಿ ಕಡತದಲ್ಲಿ ಇದಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಎಂದು ಹೆಸರು. ಜನರ ಬಾಯಲ್ಲಿ ಕೆ.ಸಿ. ವ್ಯಾಲಿ.

ಕೋರಮಂಗಲದ ಮಾತು ಬಂದಾಗ ಎಲ್ಲರೂ ಮೊದಲು ಎತ್ತುವುದು ನೆಲದ ಬೆಲೆಯನ್ನು. ಮೂರನೇ ಬ್ಲಾಕಿನ ಒಂದು ನಿವೇಶನದ ಬೆಲೆಗೆ ಒಂದು ಹಳ್ಳಿಯನ್ನೇ ಕೊಳ್ಳಬಹುದು ಎಂದು ತಮಾಷೆ ಮಾಡುವವರೂ ಇದ್ದಾರೆ. ಬೆಲೆ ಏರಿದ್ದು ಈಚಿನ ಸಂಗತಿ. ಅದಕ್ಕಿಂತ ಬಹಳ ಮೊದಲಿನಿಂದ ಇಲ್ಲಿ ಏನು ಬೆಳೆಯಬೇಕು, ಏನು ಹರಿಯಬೇಕು, ಯಾರು ನೆಲೆಸಬೇಕು ಎಂದು ತೀರ್ಮಾನಿಸುತ್ತ ಬಂದದ್ದು ನೆಲದ ಇಳಿಜಾರು. ಗದ್ದೆ ಇದ್ದದ್ದೂ ತಗ್ಗು ಎಂಬ ಕಾರಣಕ್ಕೆ, ಊರಿನ ಕೊಳಚೆ ಬಂದದ್ದೂ ಅದೇ ಕಾರಣಕ್ಕೆ. ಹಳ್ಳಿ ಹೋಗಿ ಬಡಾವಣೆ ಬಂದಮೇಲೂ ಆ ಇಳಿಜಾರು ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ.

ಕೆರೆ ಕಟ್ಟಿದವರ ಸೀಮೆ

ಕಂದಾಯ ದಾಖಲೆಗಳ ಪ್ರಕಾರ ಕೋರಮಂಗಲ ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಯ ಒಂದು ಗ್ರಾಮ. ಬೆಂಗಳೂರು ಕಾಳಗವನ್ನು ಹೇಳುವ ಗಂಗರ ಕಾಲದ ವೀರಗಲ್ಲು ಸಿಕ್ಕಿದ್ದು ಇದೇ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ. ಅಂದರೆ ರಾಜಧಾನಿಯ ಹೆಸರು ಕಲ್ಲಿನ ಮೇಲೆ ಮೂಡಿದ್ದು ಹೋಬಳಿಯ ಊರಿನಲ್ಲಿ.

ಕೋರಮಂಗಲದ ಪಕ್ಕದ ಅಗರದಲ್ಲಿ ಸುಮಾರು 9ನೆಯ ಶತಮಾನದ ಒಂದು ಶಾಸನವಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಯುದ್ಧ ಗೆದ್ದವನಂತೆಯೇ ತೂಬು ಇಡಿಸಿದವನ ಹೆಸರೂ ಕಲ್ಲಿಗೇರುತ್ತಿದ್ದ ಕಾಲ ಅದು. ಇನ್ನೊಂದು ಮಗ್ಗುಲಿನ ಮಡಿವಾಳದ ಸೋಮೇಶ್ವರ ದೇವಸ್ಥಾನದಲ್ಲಿ 1247ರ ತಮಿಳು ಶಾಸನವಿದೆ. ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದೇವರಿಗೆ ಬಿಟ್ಟ ವಿಷಯ ಅದರಲ್ಲಿದೆ. ಅಲ್ಲಿಯದೇ 1365ರ ಶಾಸನದಲ್ಲಿ ಬರುವ ಊರು ಇಂದಿನ ತಾವರೆಕೆರೆ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಶಾಸನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸೀಮೆಯ ಚಿತ್ರ ಸಿಗುತ್ತದೆ. ಇಲ್ಲಿ ವರ್ಷವಿಡೀ ಹರಿಯುವ ನದಿ ಇರಲಿಲ್ಲ. ಮಳೆಯ ನೀರನ್ನು ಮೇಲಿನ ಕೆರೆಯಲ್ಲಿ ಹಿಡಿದು, ಅದರ ಕೋಡಿ ಹರಿದದ್ದನ್ನು ಕೆಳಗಿನ ಕೆರೆಗೆ ಬಿಟ್ಟುಕೊಳ್ಳುವ ಸರಣಿಯೇ ಇಲ್ಲಿಯ ನದಿ. ಏರಿಯ ಕೆಳಗೆ ಗದ್ದೆ, ತೋಟ. ಮೇಲಿನ ಬೆದ್ದಲಿನಲ್ಲಿ ರಾಗಿ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳಲು ನೀರಗಂಟಿ. ಕೋರಮಂಗಲ, ಈಜಿಪುರ, ಜಕ್ಕಸಂದ್ರ, ಅಗರ, ಬೆಳ್ಳಂದೂರು ಎಲ್ಲವೂ ಒಂದೇ ನೀರನ್ನು ಸರದಿಯಲ್ಲಿ ಬಳಸಿದ ಊರುಗಳು.

ಕೋಟೆಗೆ ಸೊಸೆ, ಹಳ್ಳಿಗೆ ಸಮಾಧಿ

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸುವಾಗ ದಕ್ಷಿಣದ ಹೆಬ್ಬಾಗಿಲು ನಿಲ್ಲದೆ ಮತ್ತೆ ಮತ್ತೆ ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿ ಕೊಟ್ಟರೆ ನಿಲ್ಲುತ್ತದೆ ಎಂದು ಬಲ್ಲವರು ಹೇಳಿದರು, ಗೌಡರು ಒಪ್ಪಲಿಲ್ಲ. ಮಾವನ ಸಂಕಟ ನೋಡಲಾರದೆ ತುಂಬು ಗರ್ಭಿಣಿ ಸೊಸೆ ಲಕ್ಷ್ಮೀದೇವಿ ಸರಿರಾತ್ರಿಯಲ್ಲಿ ಹೋಗಿ ಬಾಗಿಲಿನ ಬಳಿ ತನ್ನನ್ನೇ ಬಲಿ ಕೊಟ್ಟುಕೊಂಡಳು, ಆಮೇಲೆ ಬಾಗಿಲು ನಿಂತಿತು ಎನ್ನುತ್ತದೆ ಐತಿಹ್ಯ. ಆಕೆಯ ಸಮಾಧಿಯೆಂದು ಜನ ನಂಬಿ ಪೂಜಿಸುವ ಜಾಗ ಕೋರಮಂಗಲದಲ್ಲಿದೆ.

ಇದನ್ನು ಇತಿಹಾಸವೆಂದು ಸಾಧಿಸುವುದು ಕಷ್ಟ, ಕಥೆಯೆಂದು ತಳ್ಳಿಹಾಕಿ ಮುಂದೆ ಹೋಗುವುದೂ ಕಷ್ಟ. ಕೋಟೆಯ ಬಹುಭಾಗ ಅಳಿದಿದೆ, ಆ ಬಾಗಿಲನ್ನು ಇಂದು ತೋರಿಸುವವರಿಲ್ಲ. ಬಾಗಿಲಿಗಾಗಿ ಜೀವ ಕೊಟ್ಟವಳ ನೆನಪು ಮಾತ್ರ ಕೋಟೆಯಿಂದ ಹರದಾರಿ ದೂರದ ಹಳ್ಳಿಯಲ್ಲಿ ಪೂಜೆ ಪಡೆಯುತ್ತ ಉಳಿದಿದೆ. ಬೆಂಗಳೂರು ಎದ್ದು ನಿಲ್ಲಲು ಹಳ್ಳಿ ಏನನ್ನೋ ತೆರಬೇಕಾಗುತ್ತದೆ ಎಂಬ ಮಾತು ಈ ಕಥೆಯಲ್ಲೇ ಮೊದಲು ಬಂದಂತಿದೆ.

ಹೊಸೂರು ರಸ್ತೆಯಲ್ಲಿ ಬಂದ ಪೇಟೆ

ಲಾಲ್‌ಬಾಗಿನ ಬಂಡೆಯ ಮೇಲಿರುವ ಕೆಂಪೇಗೌಡ ಗೋಪುರವನ್ನು ಊರಿನ ಒಂದು ಎಲ್ಲೆಯ ಗುರುತೆಂದು ಹೇಳುವುದು ವಾಡಿಕೆ. ಕೋರಮಂಗಲ ಅದರಾಚೆಗೆ, ಮೂಡಣಕ್ಕೆ ಬಿದ್ದಿದೆ. ಪೇಟೆ ಇತ್ತ ಬಂದದ್ದು ಹೊಸೂರು ರಸ್ತೆ ಹಿಡಿದು, ಒಂದೊಂದೇ ಸಂಸ್ಥೆಯಾಗಿ.

ಮೊದಲು ಬಂದದ್ದು ಹಾಲು. ಆಡುಗೋಡಿಯ ಬಳಿ 1923ರಲ್ಲಿ ಶುರುವಾದ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅನಾರೋಗ್ಯದಿಂದ ಚೇತರಿಸಿಕೊಳ್ಳಲು ನಂದಿಬೆಟ್ಟ, ಬೆಂಗಳೂರುಗಳಲ್ಲಿ ತಂಗಿದ್ದ ಅವರು ಮದನ ಮೋಹನ ಮಾಳವೀಯರ ಜತೆ ಇಲ್ಲಿ ಹಸು ಸಾಕಣೆಯ ಪಾಠ ಕಲಿತರು. ಸಂಸ್ಥೆಯ ಪುಸ್ತಕದಲ್ಲಿ ತಾವು ಸಾಬರಮತಿಯ ರೈತ ಎಂದು ಬರೆದುಕೊಂಡರು. ಸಂಸ್ಥೆಯ ಕೇಂದ್ರ 1955ರಲ್ಲಿ ಇಂದಿನ ಹರಿಯಾಣದ ಕರ್ನಾಲಿಗೆ ಹೋಯಿತು, ದಕ್ಷಿಣ ಶಾಖೆ ಇಲ್ಲೇ ಉಳಿಯಿತು. ಹತ್ತಿರದಲ್ಲೇ 1965ರಲ್ಲಿ ಬೆಂಗಳೂರು ಡೇರಿ ಬಂತು. ಇಂದಿನ ಡೇರಿ ಸರ್ಕಲ್‌ಗೆ ಹೆಸರು ಬಂದದ್ದು ಅದರಿಂದ.

1950ರ ದಶಕದಲ್ಲಿ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಬಂತು. 1963ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, 1966ರಲ್ಲಿ ಜ್ಯೋತಿನಿವಾಸ್ ಕಾಲೇಜು, 1969ರಲ್ಲಿ ಕ್ರೈಸ್ಟ್ ಕಾಲೇಜು ಆರಂಭವಾದವು. ಇವಕ್ಕೆಲ್ಲ ಬೇಕಾಗಿದ್ದದ್ದು ಅಗಲವಾದ, ಅಗ್ಗದ ಜಾಗ. ಅದು ಹಳ್ಳಿಗಳ ಬಳಿ ಇತ್ತು. ಹೊಲದ ಬದುವಿಗೆ ಕಾಂಪೌಂಡು ಬಂದಮೇಲೆ ಹಳ್ಳಿಯ ಹುಡುಗರಿಗೆ ಎತ್ತಿನ ಗಾಡಿಗಿಂತ ಕಾರ್ಖಾನೆಯ ಸೈರನ್ ಹತ್ತಿರದ್ದಾಯಿತು.

ಗ್ರಾಮಠಾಣ ಮತ್ತು ಬ್ಲಾಕು

ಬೆಂಗಳೂರಿನಲ್ಲಿ ಬಡಾವಣೆ ಕಟ್ಟುವ ಕೆಲಸ 1945ರಿಂದ ಸಿಐಟಿಬಿ ಎಂಬ ನಗರ ಸುಧಾರಣಾ ಮಂಡಳಿಯದ್ದು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದು ಅದನ್ನು ವಹಿಸಿಕೊಂಡಿತು. ಕೋರಮಂಗಲದ ಹೊಲಗದ್ದೆಗಳು ನಿವೇಶನಗಳಾದದ್ದು ಈ ಎರಡರ ಸಂಧಿಕಾಲದಲ್ಲಿ. ಆ ಕೆಲಸದ ಕ್ರಮ ಎಲ್ಲ ಕಡೆಯೂ ಒಂದೇ: ಮೊದಲು ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, ಅಂತಿಮ ಅಧಿಸೂಚನೆ, ಪರಿಹಾರ, ಆಮೇಲೆ ಸರ್ವೆ ನಂಬರುಗಳ ಮೇಲೆ ಗೆರೆ ಎಳೆದು ಸೈಟು, ಕ್ರಾಸು, ಮೇನು. ಎಂಟು ಬ್ಲಾಕುಗಳು, 80 ಅಡಿ ರಸ್ತೆ, 100 ಅಡಿ ರಸ್ತೆ ಮೂಡಿದವು.

ಸಾಮಾನ್ಯವಾಗಿ ಹೊಲವನ್ನು ಸ್ವಾಧೀನಕ್ಕೆ ತೆಗೆದುಕೊಂಡರೂ ಮನೆಗಳಿರುವ ಗ್ರಾಮಠಾಣವನ್ನು ಬಿಡುತ್ತಾರೆ. ಹೀಗಾಗಿ ಇಂದಿಗೂ ಅಗಲ ರಸ್ತೆಯಲ್ಲಿ ಹೋಗುತ್ತಿದ್ದಂತೆ ಒಂದು ತಿರುವಿನಲ್ಲಿ ಬೀದಿ ಕಿರಿದಾಗುತ್ತದೆ, ಮನೆಗೆ ಮನೆ ಅಂಟಿಕೊಳ್ಳುತ್ತದೆ, ಗ್ರಾಮದೇವತೆಯ ಗುಡಿ ಎದುರಾಗುತ್ತದೆ. ಹೊಲ ಕಳೆದುಕೊಂಡವರಲ್ಲಿ ಕೆಲವರು ಉಳಿದ ತುಂಡು ಜಾಗದ ಮೇಲೆ ಮಹಡಿ ಏರಿಸಿ ಬಾಡಿಗೆಯಿಂದ ಬದುಕು ಕಂಡುಕೊಂಡರು. ತುಂಡು ಜಾಗವೂ ಇಲ್ಲದ ಕೂಲಿಯವರಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಪಹಣಿ ಇದ್ದವನಿಗೆ ಮಾತ್ರ ಪರಿಹಾರ.

ಕೆರೆ ನಂಬಿದ್ದ ಊರಿಗೆ ಕುಡಿಯುವ ನೀರು ಈಗ ದೂರದಿಂದ ಬಂತು. ಕಾವೇರಿ ಮೊದಲ ಹಂತ 1974ರಲ್ಲಿ ಶುರುವಾಗಿ, ಸುಮಾರು 100 ಕಿಲೋಮೀಟರ್ ಆಚೆಯಿಂದ ನೀರನ್ನು 500 ಮೀಟರ್‌ಗೂ ಹೆಚ್ಚು ಎತ್ತರಕ್ಕೆ ಏರಿಸಿ ತಂದಿತು. ನಲ್ಲಿ ಬಂದಮೇಲೆ ಹತ್ತಿರದ ಕೆರೆ ಬೇಡವಾಯಿತು. ಬೇಡವಾದ ಕೆರೆಯ ಅಂಗಳ ಖಾಲಿ ಜಾಗವಾಗಿ ಕಾಣತೊಡಗಿತು.

ತಗ್ಗಿಗೆ ಬಂದವರು

ನಾಲ್ಕನೇ ಬ್ಲಾಕಿನ ಎಸ್‌ಟಿ (ಸೀವೇಜ್ ಟ್ರೀಟ್‌ಮೆಂಟ್) ಬೆಡ್ ಬಡಾವಣೆಯ ಹೆಸರಿನಲ್ಲೇ ಅದರ ಪೂರ್ವಾಶ್ರಮವಿದೆ. ಊರಿನ ಕೊಳಚೆ ನೀರನ್ನು ಹರಿಸಿ ಶುದ್ಧ ಮಾಡುತ್ತಿದ್ದ ಮಡಿಗಳು ಅಲ್ಲಿದ್ದವು. ಕೊಳಚೆಯೂ ಮಳೆಯಂತೆಯೇ ಇಳಿಜಾರು ಹುಡುಕುತ್ತದೆ, ಇಳಿಜಾರಿನ ತುದಿಯಲ್ಲಿ ಇದ್ದದ್ದು ಈ ತಗ್ಗು. ಆಮೇಲೆ ಅದೂ ನಿವೇಶನಗಳಾಯಿತು. 2017ರ ಆಗಸ್ಟ್ 15ರ ಮಳೆಗೆ ಈ ಬಡಾವಣೆಯ ಬೀದಿಗಳು ಮುಳುಗಿ, ಸ್ವಾತಂತ್ರ್ಯೋತ್ಸವದ ದಿನ ಜನ ಮನೆಯೊಳಗಿನ ನೀರು ಹೊರಹಾಕುತ್ತಿದ್ದರು.

ಕೋರಮಂಗಲದ ಕೆರೆಯ ಕಥೆಯೂ ಹೀಗೆಯೇ. ನಗರದ ಕೆರೆಗಳನ್ನು ಉಳಿಸುವ ದಾರಿ ಹುಡುಕಲು 1985ರಲ್ಲಿ ಎನ್. ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸಿದ್ದು ಸರ್ಕಾರವೇ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ, 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರು ತಂಗಲೆಂದು ಗೃಹಮಂಡಳಿ ಕೆರೆಯ ಅಂಗಳದಲ್ಲೇ ಕ್ರೀಡಾಗ್ರಾಮದ ಕಟ್ಟಡಗಳನ್ನು ಎಬ್ಬಿಸಿತು. ಕೂಟ ಮುಗಿದ ಮೇಲೆ ಅವು ವಸತಿ ಸಮುಚ್ಚಯವಾದವು. ಕಟ್ಟಡಗಳಿಗೆ ಕಾವೇರಿ, ನೇತ್ರಾವತಿ ಎಂದು ನದಿಗಳ ಹೆಸರು.

ಅದರ ನೆರೆಯ ಈಜಿಪುರದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿದ್ದ ಕ್ವಾರ್ಟರ್ಸ್ ಇದ್ದವು. ಕಳಪೆ ಕಟ್ಟಡಗಳು ಕುಸಿದ ಮೇಲೆ ಜನ ಅದೇ ಜಾಗದಲ್ಲಿ ತಗಡಿನ ಮನೆ ಹಾಕಿಕೊಂಡಿದ್ದರು. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಅವನ್ನು ಕೆಡವಲಾಯಿತು. ಸುಮಾರು 1,500 ಕುಟುಂಬಗಳು ಬೀದಿಗೆ ಬಿದ್ದವು. ಬೆಲೆ ಇಲ್ಲದಿದ್ದಾಗ ತಗ್ಗಿನ ನೆಲ ಬಡವರಿಗೆ ಸಾಕೆನಿಸಿತ್ತು. ಬೆಲೆ ಬಂದಾಗ ಅಲ್ಲಿಂದ ಮೊದಲು ಎದ್ದುಹೋಗಬೇಕಾದವರೂ ಅವರೇ ಆದರು.

ಬಾಡಿಗೆಗೆ ಕೊಟ್ಟ ಊರು

2000ದ ನಂತರದ ಕೋರಮಂಗಲವನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. 2004ರಲ್ಲಿ ಹೊಸೂರು ರಸ್ತೆಯ ಅಂಚಿಗೆ ಫೋರಂ ಮಾಲ್ ತೆರೆಯಿತು. 2007ರಲ್ಲಿ ಸಚಿನ್ ಬನ್ಸಾಲ್, ಬಿನ್ನಿ ಬನ್ಸಾಲ್ ಇಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದರು. ಹಿಂದೆ ನಿವೃತ್ತರು ಕಟ್ಟಿಸಿಕೊಂಡ ಮನೆಗಳು ಕಚೇರಿಗಳಾದವು, ಕಾರ್ ಶೆಡ್ಡುಗಳು ಕಾಫಿ ಅಂಗಡಿಗಳಾದವು, ಮಹಡಿಗಳು ಪಿ.ಜಿ.ಗಳಾದವು. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನ್ ವಾಸದ ಬೀದಿಗಳಲ್ಲಿ ವ್ಯಾಪಾರಕ್ಕೆ ಸಡಿಲ ಕೊಟ್ಟಾಗ ನಿವಾಸಿಗಳ ಸಂಘಗಳು ಬೀದಿಗಿಳಿದವು, ಕೋರ್ಟಿಗೂ ಹೋದವು. ಹಳ್ಳಿಯವರು ಹೊಲ ಕಳೆದುಕೊಂಡಾಗ ಆಡಿದ ಮಾತನ್ನೇ, ನಮ್ಮನ್ನು ಕೇಳದೆ ನಮ್ಮ ಊರು ಬದಲಾಯಿತು ಎಂಬುದನ್ನು, ಆ ಹೊಲದ ಮೇಲೆ ಮನೆ ಕಟ್ಟಿದವರೂ ಆಡತೊಡಗಿದರು.

ದಟ್ಟಣೆಗೆ ಪರಿಹಾರವೆಂದು 2017ರಲ್ಲಿ ಶುರುವಾದ ಸುಮಾರು 2.5 ಕಿಲೋಮೀಟರಿನ ಈಜಿಪುರ ಮೇಲ್ಸೇತುವೆ ವರ್ಷಗಟ್ಟಲೆ ಬರಿಯ ಕಂಬಗಳಾಗಿ ನಿಂತು ತಾನೇ ದಟ್ಟಣೆಗೆ ಕಾರಣವಾಯಿತು.

ಮತ್ತೆ ಹಳ್ಳಿಗೆ ಹೊರಟ ನೀರು

ಕಣಿವೆಯ ಕೊಳಚೆ ಸೇರಿ ಸೇರಿ ಬೆಳ್ಳಂದೂರು ಕೆರೆ ನೊರೆಯುಗುಳಿತು, ಅದಕ್ಕೆ ಬೆಂಕಿಯೂ ಬಿತ್ತು. ಇದರ ನಡುವೆಯೇ ಒಂದು ಹೊಸ ಸಂಗತಿ ನಡೆಯಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಕೊಳವೆಗಳಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹೋಗಿ ಬಿತ್ತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಸಾವಿರ ಅಡಿ ಕೊರೆದರೂ ಕೊಳವೆಬಾವಿ ಬತ್ತಿದ ಜಿಲ್ಲೆಯಲ್ಲಿ ಕೆರೆಗಳು ಕೋಡಿ ಹರಿದವು. ಆದರೆ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾಗಿ ಬರುತ್ತಿದೆ, ಅಂತರ್ಜಲಕ್ಕೆ ಇಳಿಯುವ ನೀರು ಮೂರನೇ ಹಂತವನ್ನೂ ದಾಟಿ ಬರಲಿ ಎಂಬ ಕೋಲಾರದ ಹೋರಾಟಗಾರರ ಒತ್ತಾಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕಾವೇರಿ ಸೀಮೆಯ ಹಳ್ಳಿಗಳಿಂದ ಬಂದ ನೀರನ್ನು ಬೆಂಗಳೂರು ಬಳಸಿ, ಕೋರಮಂಗಲದ ತಗ್ಗಿಗೆ ಇಳಿಸಿ, ಈಗ ಕೋಲಾರದ ಹಳ್ಳಿಗಳಿಗೆ ದಾಟಿಸುತ್ತಿದೆ. ಎಂಥ ನೀರನ್ನು ದಾಟಿಸುತ್ತಿದ್ದೇವೆ ಎಂಬುದಕ್ಕೆ ಮಾತ್ರ ಉತ್ತರ ಕೊಡಬೇಕಾದದ್ದು ಬೆಂಗಳೂರೇ.

ಮೆಜೆಸ್ಟಿಕ್ ಕಡೆಯಿಂದ ಇಳಿಯುವ ಕೆ-100 ಎಂಬ ರಾಜಕಾಲುವೆಯನ್ನು ಶುಚಿಗೊಳಿಸಿ, ದಡದಲ್ಲಿ ಜನ ನಡೆದಾಡುವಂತೆ ಮಾಡುವ ಕೆಲಸವೂ ಈಚೆಗೆ ನಡೆದಿದೆ. ಕಾಲುವೆಗೆ ಬೆನ್ನು ತಿರುಗಿಸಿ ಮನೆ ಕಟ್ಟಿದ್ದ ನಗರ ಅದರ ಕಡೆ ಮುಖ ಮಾಡಿದ್ದು ಒಳ್ಳೆಯದೇ. ಮನೆ ಕೊಳ್ಳುವವರು ಮಾಡಬೇಕಾದ ಕೆಲಸವೂ ಒಂದಿದೆ. ಭೂಮಾಪನ ಇಲಾಖೆಯಲ್ಲಿ ಕೋರಮಂಗಲ ಗ್ರಾಮದ ಹಳೆಯ ನಕ್ಷೆ ಕೇಳಿದರೆ ಕೆರೆಯಂಗಳ, ಕಾಲುವೆ, ಖರಾಬು ಎಲ್ಲಿದ್ದವೆಂದು ತಿಳಿಯುತ್ತದೆ. ಬ್ಲಾಕಿನ ನಂಬರು ನೋಡಿ ಬಾಡಿಗೆ ಎಷ್ಟೆಂದು ಹೇಳಬಹುದು. ನೆಲಮಾಳಿಗೆಗೆ ನೀರು ನುಗ್ಗುತ್ತದೆಯೇ ಎಂಬುದನ್ನು ಆ ಗ್ರಾಮನಕ್ಷೆಯೇ ಹೇಳಬೇಕು.