ನೊರೆ ಕೊಲ್ಲುವ ಸೋಪು

ವರ್ಷಗಟ್ಟಲೆ ಬೋರ್ ನೀರಿನಲ್ಲೇ ಬಟ್ಟೆ ಒಗೆದ ಮನೆಗೆ ಕಾವೇರಿ ನೀರು ಬಂದರೆ ಸಂಭ್ರಮದ ಹಿಂದೆಯೇ ಒಂದು ಪ್ರಶ್ನೆ ಏಳುತ್ತದೆ. ಅದೇ ಮೆಷಿನ್, ಅದೇ ಪೌಡರ್, ಅದೇ ಅಳತೆ. ಆದರೂ ಬಾಗಿಲಿನ ಗಾಜಿನ ತುಂಬ ನೊರೆ, ನೀರು ಹೊರಹೋಗದೆ ಮೆಷಿನ್ ಸ್ತಬ್ಧ. ಮೆಕ್ಯಾನಿಕ್‌ನನ್ನು ಕರೆಯಬೇಕೆ?

ಬೇಡ. ಬದಲಾಗಿರುವುದು ನೀರು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆಂದೇ ರೂಪಿಸಿದ್ದು. ಕೆಂಗೇರಿ ಆಸುಪಾಸಿನವೂ ಅವುಗಳಲ್ಲಿವೆ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೌಡರಿನ ಒಂದು ಪಾಲನ್ನು ಕಟ್ಟಿಹಾಕುತ್ತವೆ. ಗಡಸು ಕಡಿಮೆಯಿರುವ ಕಾವೇರಿ ನೀರಿನಲ್ಲಿ ಆ ಪಾಲೂ ನೊರೆಗೇ ಸಲ್ಲುತ್ತದೆ. ನೊರೆಯಲ್ಲಿ ಬಹುಪಾಲು ಗಾಳಿ, ಆದ್ದರಿಂದ ಪಂಪು ಬರೀ ಗಾಳಿಯನ್ನು ಕಡೆಯುತ್ತ ಕೂರುತ್ತದೆ.

ನೊರೆ ಹೆಚ್ಚಿದ್ದಷ್ಟೂ ಬಟ್ಟೆ ಶುಭ್ರ ಎಂಬ ನಂಬಿಕೆ ಮಾತ್ರ ಹೋಗುತ್ತಲೇ ಇಲ್ಲ. ಅದರ ಮೂಲ ಒಗೆಯುವ ಕಲ್ಲಿನ ಬಳಿಯಿದೆ. ಎಣ್ಣೆಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಜಿಡ್ಡು ಬಿಟ್ಟ ಮೇಲೆ ನೊರೆ ಉಳಿಯುತ್ತದೆ. ಹೀಗೆ ಕೊಳೆ ಹೋದದ್ದರ ಗುರುತೇ ಕೊಳೆ ತೆಗೆಯುವ ಶಕ್ತಿ ಎನಿಸಿಕೊಂಡಿತು. ಆದರೆ ಫ್ರಂಟ್ ಲೋಡ್ ಮೆಷಿನ್ ಬಟ್ಟೆಯನ್ನು ಎತ್ತಿ ಎತ್ತಿ ಕೆಡವಿ ಒಗೆಯುತ್ತದೆ. ನೊರೆಯ ಹಾಸಿಗೆ ಮೇಲೆ ಬಿದ್ದ ಬಟ್ಟೆಗೆ ಏಟೇ ಇಲ್ಲ! ಕೆಂಗೇರಿ ಕಡೆ ಮಿಕ್ಕ ಪೌಡರ್ ಚರಂಡಿ ಹಿಡಿದು ವೃಷಭಾವತಿ ನದಿಗೆ ಸೇರಿ, ಬೈರಮಂಗಲ ಕೆರೆಯ ಬಳಿ ಮತ್ತೆ ನೊರೆಯಾಗಿ ಏಳುತ್ತದೆ. ಇದು ದುಡ್ಡಿನ ದಂಡವಷ್ಟೇ ಅಲ್ಲ, ನದಿಗೆ ಮಾಡುವ ಅನ್ಯಾಯ.

ಈ ನೊರೆಗೆ ವೈರಿ ಯಾರು ಗೊತ್ತೇ? ಸ್ನಾನದ ಸೋಪು! ರಾಜಾಜಿನಗರದ ಕಾರ್ಖಾನೆಯಲ್ಲಿ ತಯಾರಾಗುವ ಮೈಸೂರ್ ಸ್ಯಾಂಡಲ್‌ನಂಥ, ಕೊಬ್ಬಿನಾಮ್ಲದಿಂದ ಮಾಡಿದ ನಿಜವಾದ ಸೋಪು. ಬೋರ್ ನೀರಿನಲ್ಲಿ ಮಿಂದವರ ಬಕೆಟ್ಟಿನ ಅಂಚಿಗೆ ಬೆಳ್ಳಗೆ, ಅಂಟಂಟಾಗಿ ಕೂತು ಉಜ್ಜಿದರೂ ಬಿಡದ ಗಷ್ಟು ಇದೆಯಲ್ಲ, ಅದು ಸೋಪಿನೊಂದಿಗೆ ಕ್ಯಾಲ್ಸಿಯಂ ಬೆರೆತು ಹುಟ್ಟಿದ್ದು. ಅದರ ಕಣಕ್ಕೆ ನೀರೆಂದರೆ ಆಗದು. ಎರಡು ಗುಳ್ಳೆಗಳ ನಡುವಿನ ತೆಳುಪೊರೆಯಲ್ಲಿ ಅಂಥದೊಂದು ಕಣ ಸಿಕ್ಕಿಕೊಂಡು ಆಚೆ ಈಚೆ ಎರಡೂ ಮೈ ಮುಟ್ಟಿದರೆ, ಸುತ್ತಲಿನ ನೀರು ಅದರಿಂದ ಹಿಂದೆ ಸರಿದು ಪೊರೆ ಒಡೆಯುತ್ತದೆ. ಮಗ್ಗಿನ ಬೋರ್ ನೀರಿನಲ್ಲಿ ಪೌಡರಿನ ನೊರೆ ಎಬ್ಬಿಸಿ, ಸೋಪು ಉಜ್ಜಿದ ಕೈಯನ್ನು ಅದ್ದಿದರೆ ನೊರೆ ಕುಸಿಯುವುದನ್ನು ಕಣ್ಣಾರೆ ಕಾಣಬಹುದು. ಫ್ರಂಟ್ ಲೋಡಿಗೆಂದೇ ಮಾರುವ ಪೌಡರುಗಳಲ್ಲೂ ಇಂಥ ಕೊಲೆಗಾರ ಕಣಗಳಿರುತ್ತವೆ: ಸಿಲಿಕೋನ್ ಎಣ್ಣೆ ಮೆತ್ತಿದ ಸಿಲಿಕಾ, ಅದೂ ಚಿಟಿಕೆಯಷ್ಟು. ಕೈಯಲ್ಲಿ ಒಗೆಯುವ ಪೌಡರಿನಲ್ಲಿ ನೊರೆಗೆ ಅಂಥ ಲಗಾಮಿಲ್ಲ. ಅದನ್ನು ಫ್ರಂಟ್ ಲೋಡಿಗೆ ಹಾಕಲೇಬಾರದು.

ನೊರೆ ಉಕ್ಕಿದಾಗ ಮೆಷಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಗುಳ್ಳೆಗಳು ತಾವಾಗಿ ಸೋರಿ ಇಳಿಯುತ್ತವೆ. ಅವಸರವಿದ್ದವರು ಒಂದು ಲೋಟ ಬೋರ್ ನೀರಿನಲ್ಲಿ ಸ್ನಾನದ ಸೋಪನ್ನು ಸ್ವಲ್ಪ ಕದಡಿ ಟ್ರೇಗೆ ಸುರಿಯಬಹುದು. ಆಮೇಲೆ ಪೌಡರ್ ಹಾಕದೆ ಒಂದು ಸಲ ಜಾಲಿಸಿ, ಹಿಂಡಿಸಿದರಾಯಿತು. ಮುಂದಿನ ಒಗೆತಕ್ಕೆ ಹಳೆಯ ಅಳತೆಯ ಅರ್ಧ ಹಾಕಿ ನೋಡಬೇಕು. ಕಾಲರಿನ ಜಿಡ್ಡು ಉಳಿದರೆ ಮಾತ್ರ ತುಸು ಹೆಚ್ಚಿಸಬೇಕು.