ಉತ್ತರಾಧಿಕಾರ ಪ್ರಕರಣಗಳಲ್ಲಿ ವಕೀಲರ ಶುಲ್ಕ (ಹುಣಸೂರು ಉಪವಿಭಾಗ)

ಉತ್ತರಾಧಿಕಾರ ಪ್ರಕರಣಗಳಲ್ಲಿ ವಕೀಲರ ಶುಲ್ಕ ಎಂದರೆ ಮೃತರ ಆಸ್ತಿಯನ್ನು ವಾರಸುದಾರರಿಗೆ ವರ್ಗಾಯಿಸುವ ಕಾನೂನು ಕಾರ್ಯಕ್ಕಾಗಿ ವಕೀಲರಿಗೆ ಸಲ್ಲುವ ಸಂಭಾವನೆ. ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗಕ್ಕೆ ಸೇರಿದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಈ ವೆಚ್ಚವು ಆಸ್ತಿಯ ಸ್ವರೂಪವನ್ನು ಅವಲಂಬಿಸಿರುತ್ತದೆ.

ಜಮೀನಿನ ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಂದಿಗೆ ವಾರಸುದಾರರೇ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ನಾಮನಿರ್ದೇಶನವಿಲ್ಲದ ಬ್ಯಾಂಕ್ ಠೇವಣಿ, ಷೇರು ಮುಂತಾದವುಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಡಿ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಪಡೆಯಬೇಕಾಗಬಹುದು. ಇದರ ನ್ಯಾಯಾಲಯ ಶುಲ್ಕವು ಸರ್ಕಾರಕ್ಕೆ ಸಲ್ಲುತ್ತದೆ; ವಕೀಲರ ಶುಲ್ಕವು ಪರಸ್ಪರ ಒಪ್ಪಂದದಿಂದ ನಿರ್ಧಾರವಾಗುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ, ದಾವೆಯಿಂದ ದೊರೆಯುವ ಆಸ್ತಿಯ ಪಾಲನ್ನು ಶುಲ್ಕವಾಗಿ ಗೊತ್ತುಪಡಿಸುವಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.