ಚಿತ್ರ ನಿರ್ಮಾಪಕನ ಲೆಕ್ಕ

ಚಲನಚಿತ್ರ ನಿರ್ಮಾಪಕನೆಂದರೆ ಹಣ ಸುರಿಯುವ ಧನಿಕನೆಂದೇ ನಮ್ಮಲ್ಲಿ ಅನೇಕರ ಭಾವನೆ. ವಾಸ್ತವವಾಗಿ ಆತನು ಬಹುವೇಳೆ ಪರರ ಹಣಕ್ಕೆ ಹೊಣೆಗಾರನು. ಟಿಕೆಟ್ಟಿನ ಹಣವು ಚಿತ್ರಮಂದಿರದವರಿಂದ ಹಂಚಿಕೆದಾರರಿಗೂ ಅವರಿಂದ ತನಗೂ ತಲಪುವವರೆಗೆ ಆತನು ಕಾಣುವುದು ಬರಿಯ ವೆಚ್ಚವನ್ನೇ. ಆದಕಾರಣ ಈ ವೃತ್ತಿಯನ್ನು ಕಲಿಯುವವನು ಮೊದಲು ಅರಿಯಬೇಕಾದುದು ಒಂದು ದಿನದ ಬೆಲೆಯನ್ನು.

ಕಾಶಿಯಲ್ಲಿ ನಡೆದುದನ್ನೇ ನೋಡೋಣ. 2000ನೆಯ ಇಸವಿಯಲ್ಲಿ ದೀಪಾ ಮೆಹ್ತಾ ಅವರು ವಿಧವೆಯರ ಬಾಳನ್ನು ಕುರಿತ ‘ವಾಟರ್’ ಚಿತ್ರವನ್ನು ಅಲ್ಲಿ ತೆಗೆಯಹೊರಟರು. ಕೇಂದ್ರ ಸರ್ಕಾರದ ಅನುಮತಿ ದೊರೆತಿತ್ತು. ಶಬಾನಾ ಆಜ್ಮಿ, ನಂದಿತಾ ದಾಸ್ ಇಬ್ಬರೂ ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡಿದ್ದರು. ಗಂಗಾತೀರದಲ್ಲಿ ಸಿದ್ಧವಾಗಿದ್ದ ಸೆಟ್ಟನ್ನು ಜನವರಿ 30ರಂದು ವಿರೋಧಿಗಳ ಗುಂಪು ಕೆಡವಿ ನದಿಗೆ ಎಸೆಯಿತು. ಕೆಲವೇ ದಿನಗಳಲ್ಲಿ ಚಿತ್ರೀಕರಣ ನಿಂತಿತು.

ಚಿತ್ರೀಕರಣ ನಿಂತ ಮಾತ್ರಕ್ಕೆ ವೆಚ್ಚ ನಿಲ್ಲುವುದೇ? ತಂತ್ರಜ್ಞರ ಸಂಬಳ, ಕ್ಯಾಮೆರಾಗಳ ಬಾಡಿಗೆ, ತಂಡದ ಊಟ ವಸತಿ, ಸಾಲದ ಬಡ್ಡಿ ಇವೆಲ್ಲ ಇಂತಹ ವೇಳೆಯಲ್ಲಿ ದಿನವೆಣಿಸಿ ಬೆಳೆಯುತ್ತವೆ. ನಟರು ಕೊಟ್ಟಿದ್ದ ದಿನಗಳು ಕಳೆದುಹೋಗುತ್ತವೆ. ಕಡೆಗೆ ಆ ಚಿತ್ರವನ್ನು ಕೆಲವು ವರ್ಷಗಳ ಅನಂತರ ಶ್ರೀಲಂಕೆಯಲ್ಲಿ, ಬೇರೆ ತಾರೆಯರೊಡನೆ, ಮೊದಲಿನಿಂದ ತೆಗೆಯಬೇಕಾಯಿತು. ಅದು ಬೆಳಕು ಕಂಡುದು 2005ರಲ್ಲಿ. ಒಂದೇ ಕಥೆಗೆ ಎರಡು ಬಾರಿ ಬೆಲೆ ತೆತ್ತಂತಾಯಿತು!

ಅನುಮತಿಪತ್ರಕ್ಕೆ ಮುದ್ರೆಯುಂಟು, ಊರಿನವರ ಒಪ್ಪಿಗೆಗೆ ರಸೀತಿಯಿಲ್ಲ. ಇಂತಹ ಆಕಸ್ಮಿಕಗಳಿಗೆಂದು ಬಲ್ಲ ನಿರ್ಮಾಪಕರು ವಿಮೆ ಮಾಡಿಸುತ್ತಾರೆ. ಅಂದಾಜಿನ ಸುಮಾರು ಹತ್ತನೆಯ ಒಂದು ಪಾಲನ್ನು ಬೇರೆ ತೆಗೆದಿಡುತ್ತಾರೆ. ನಮ್ಮ ವಾರ್ಷಿಕೋತ್ಸವದ ನಾಟಕದ ಲೆಕ್ಕಪುಸ್ತಕವನ್ನು ತೆರೆದು ನೋಡಿದೆವು. ಪರದೆಯ ಬಾಡಿಗೆಯುಂಟು, ಬಣ್ಣದ ಖರ್ಚುಂಟು, ಆ ಹತ್ತನೆಯ ಪಾಲಿಗೆ ಒಂದು ಸಾಲೂ ಇಲ್ಲ.